ಮೊದಲನೇದು ಸಿಸೇರಿಯನ್, ಎರಡನೇದು ನಾರ್ಮಲ್ ಆಗುತ್ತಾ? ಕ್ಯಾಲ್ಕುಲೇಟರ್ 54% ಅಂತಿದೆ, ನಂಬ್ಬೋದಾ?

ಬೆಣ್ಣೆದೋಸೆ_ದಾವಣಗೆರೆ
ಎಲ್ರಿಗೂ ನಮಸ್ತೆ. ನಂಗೆ ಈಗ 33 ವಾರ, ಎರಡನೇದು. ದೊಡ್ಡ ಮಗ ಸಿಸೇರಿಯನ್, ಅವನಿಗೆ ಬರೋ ತಿಂಗಳು ಮೂರು ವರ್ಷ ತುಂಬುತ್ತೆ. ಈ ಸಲ ನಾರ್ಮಲ್‌ಗೆ ಟ್ರೈ ಮಾಡ್ಬೇಕು ಅಂತ ನಂಗೆ ಆಸೆ, ನಮ್ಮ ಡಾಕ್ಟ್ರು ಒಂದು ವಿಸಿಟ್ಟಲ್ಲಿ ನೋಡೋಣಮ್ಮ ಅಂತಾರೆ, ಮುಂದಿನ ವಿಸಿಟ್ಟಲ್ಲಿ 38 ವಾರಕ್ಕೆ ಡೇಟ್ ಕೊಟ್ಬಿಡ್ತೀನಿ ಅಂತಾರೆ, ಯಾಕೆ ಅಂತ ಕೇಳೋಷ್ಟರಲ್ಲಿ ಮುಂದಿನ ಪೇಷೆಂಟ್ ಒಳಗೆ ಬಂದಿರ್ತಾರೆ. ನಮ್ಮೆಜಮಾನ್ರು ನೆಟ್ಟಲ್ಲಿ ಅಮೆರಿಕದ್ದೊಂದು ಕ್ಯಾಲ್ಕುಲೇಟರ್ ಹುಡುಕಿ ವಯಸ್ಸು, ಎತ್ತರ, ತೂಕ ಎಲ್ಲಾ ಹಾಕಿದ್ರು, 54% ಬಂತು. ಅಂದ್ರೆ ಹೆಚ್ಚು ಕಮ್ಮಿ ಟಾಸ್ ಹಾಕ್ದಂಗೆ ಅಲ್ವಾ? ಅತ್ತೆ ಆಗ್ಲೇ ಒಳ್ಳೆ ನಕ್ಷತ್ರ ನೋಡಿಸ್ತಿದ್ದಾರೆ. ಇಲ್ಲಿ ಯಾರಾದ್ರೂ ಟ್ರೈ ಮಾಡಿದೋರು ಇದ್ರೆ ಹೇಳಿ ಪ್ಲೀಸ್.

ಧಾರವಾಡ_ಪೇಡೆ
ಅಕ್ಕಾರ ಧೈರ್ಯಾ ಇಟ್ಕೊಳ್ರಿ. ನಮ್ಮ ತಂಗಿಗೆ ಮೊದಲ್ನೇ ಕೂಸು ಉಲ್ಟಾ ಕುಂತಿತ್ತಂತ ಆಪರೇಷನ್ ಮಾಡಿದ್ರು, ಎರಡ್ನೇದು ಹುಬ್ಬಳ್ಳ್ಯಾಗ ನಾರ್ಮಲ್ ಆತು. ಬ್ಯಾನಿ ತಾನಾಗೇ ಶುರು ಆಗಿದ್ವು, ದವಾಖಾನಿಗೆ ಹೋಗೂದ್ರಾಗ ಅರ್ಧಾ ಕೆಲಸ ಮುಗದಿತ್ತು. ಪರ್ಸೆಂಟೇಜ್ ಗಿರ್ಸೆಂಟೇಜ್ ಯಾರೂ ನೋಡಿದ್ದಿಲ್ಲ.

ಕುಡ್ಲ_ಗೋಳಿಬಜೆ
ನನ್ನದು ಬೇರೆ ಕಥೆ ಮಾರಾಯ್ರೆ. ನಾನೂ ಟ್ರೈ ಮಾಡಿದ್ದೆ. ಇಡೀ ರಾತ್ರಿ ನೋವು ತಿಂದು ಬೆಳಿಗ್ಗೆ ಮಗುವಿನ ಹಾರ್ಟ್‌ಬೀಟ್ ಇಳಿಲಿಕ್ಕೆ ಶುರುವಾಗಿ ಓಡ್ಕೊಂಡು ಓಟಿಗೆ ತಕೊಂಡು ಹೋದ್ರು. ಮಗು ಚೆನ್ನಾಗುಂಟು, ಆದ್ರೆ ರಕ್ತ ಕೊಡ್ಬೇಕಾಯ್ತು, ಜ್ವರ ಬಂತು, ಮೊದಲನೆ ಸಿಸೇರಿಯನ್‌ಗಿಂತ ಚೇತರಿಸ್ಲಿಕ್ಕೆ ಜಾಸ್ತಿ ಸಮಯ ಹಿಡೀತು. ಹೆದರಿಸ್ಲಿಕ್ಕೆ ಹೇಳುವುದಲ್ಲ. ಆದ್ರೆ ಆದವರ ಕಥೆ ಮಾತ್ರ ಎಲ್ಲರೂ ಹೇಳುದು, ಆಗದವರದ್ದೂ ಸ್ವಲ್ಪ ಕೇಳಿ.

ಓಬಿಜಿ_ರಾತ್ರಿಪಾಳಿ
ನಾನು ಹೆರಿಗೆ ಡಾಕ್ಟರ್, ಸರ್ಕಾರಿ ಆಸ್ಪತ್ರೇಲಿ ಕೆಲಸ. ನಿಮ್ಮನ್ನ ಪರೀಕ್ಷೆ ಮಾಡಿಲ್ಲ, ಹಾಗಾಗಿ ಮಾಡಿಸ್ಕೊಳಿ ಅಥವಾ ಬೇಡ ಅಂತ ಹೇಳೋ ಹಕ್ಕು ನಂಗಿಲ್ಲ, ನಿಮ್ಮ ಡಾಕ್ಟ್ರಿಗಿದೆ. ಆದ್ರೆ ಆ 54 ಎಲ್ಲಿಂದ ಬಂತು ಅಂತ ಹೇಳಬಲ್ಲೆ.

ಕುಡ್ಲದವರು ಹೇಳಿದ್ದು ಮುಖ್ಯವಾದ ಮಾತು, ಯಾರೂ ಸ್ಕಿಪ್ ಮಾಡ್ಬೇಡಿ. ಇಲ್ಲಿ ದಾರಿ ಎರಡಲ್ಲ, ಮೂರು. ಟ್ರೈ ಮಾಡಿ ನಾರ್ಮಲ್ ಆಗೋದು, ಟ್ರೈನೇ ಮಾಡ್ದೆ ಪ್ಲಾನ್ ಮಾಡಿ ಸಿಸೇರಿಯನ್ ಮಾಡಿಸೋದು, ಟ್ರೈ ಮಾಡಿ ಆಗ್ದೆ ಎಮರ್ಜೆನ್ಸಿ ಸಿಸೇರಿಯನ್ ಆಗೋದು. ತಾಯಿಗೆ ತೊಂದರೆ ಕಮ್ಮಿ ಇರೋದು ಮೊದಲನೇದ್ರಲ್ಲಿ, ಜಾಸ್ತಿ ಮೂರನೇದ್ರಲ್ಲಿ. ಮುಂಚೆನೇ ಅಂದಾಜು ಮಾಡೋಕೆ ಡಾಕ್ಟ್ರುಗಳು ಒದ್ದಾಡೋದೇ ಈ ಮೂರನೇ ಗುಂಪಿಗೆ ಯಾರು ಬೀಳ್ತಾರೆ ಅಂತ ತಿಳ್ಕೊಳ್ಳೋಕೆ. ಅಮೆರಿಕದ ಎಸಿಒಜಿ ಅಂತ ಹೆರಿಗೆ ಡಾಕ್ಟ್ರುಗಳ ಸಂಸ್ಥೆ ಇದೆ, ಅವರ ಪ್ರಕಾರ ಆಗೋ ಸಾಧ್ಯತೆ 60-70%ಗಿಂತ ಮೇಲಿದ್ರೆ ಟ್ರೈ ಮಾಡೋದ್ರಲ್ಲಿ ತಾಯಿಗೆ ಆಗೋ ತೊಂದರೆ ಪ್ಲಾನ್ಡ್ ಸಿಸೇರಿಯನ್‌ಗೆ ಸಮ ಅಥವಾ ಅದಕ್ಕಿಂತ ಕಮ್ಮಿ. ಅದರ ಕೆಳಗೆ ಬಂದ್ರೆ ಟ್ರೈ ಮಾಡ್ಲೇಬಾರ್ದು ಅಂತ ಅವರು ಹೇಳಿಲ್ಲ.

ಈಗ ಮನೇಲಿ ಹಳೇ ಡಿಸ್ಚಾರ್ಜ್ ಸಮ್ಮರಿ ಹುಡುಕಿ. ಫೋಟೋ ಹಾಕ್ಬೇಡಿ, ಅದರಲ್ಲಿ ಹೆಸರು ನಂಬರ್ ಎಲ್ಲಾ ಇರುತ್ತೆ. ಇಂಡಿಕೇಶನ್, ಅಂದ್ರೆ ಆಪರೇಷನ್ ಯಾಕೆ ಮಾಡಿದ್ರು ಅಂತ ಒಂದು ಸಾಲು ಇರುತ್ತೆ, ಅದನ್ನಷ್ಟೇ ಓದಿ ಹೇಳಿ. ಗರ್ಭಕೋಶದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದ್ದಾಗ ಆಪರೇಷನ್‌ಗೆ ತಗೊಂಡ್ರು ಅನ್ನೋದನ್ನೂ ನೋಡಿ.

ಎಕ್ಸೆಲ್_ಗಂಡ
ಸರ್/ಮೇಡಂ, 54% ಅಂದ್ರೆ 54% ಅಲ್ವಾ, ಇದರಲ್ಲಿ ಎಲ್ಲಿಂದ ಬಂತು ಅನ್ನೋಕೆ ಏನಿದೆ? ಸಾವಿರಾರು ಜನರ ಡೇಟಾ ಇಟ್ಕೊಂಡು ಮಾಡಿರೋ ಮಾಡೆಲ್. ನಮ್ಮ ದೊಡ್ಡಮ್ಮನ ಮಗಳಿಗೆ ಆಯ್ತು, ಪಕ್ಕದ್ಮನೆಯವ್ರಿಗೆ ಆಗ್ಲಿಲ್ಲ ಅನ್ನೋದಕ್ಕಿಂತ ನಂಬರ್ ಬೆಟರ್.

ಬೆಣ್ಣೆದೋಸೆ_ದಾವಣಗೆರೆ
ಸಿಕ್ತು ಡಾಕ್ಟ್ರೇ. ತವರಲ್ಲಿತ್ತು, ಅಮ್ಮ ಫೋನಲ್ಲಿ ಅಕ್ಷರ ಅಕ್ಷರ ಓದಿ ಹೇಳಿದ್ರು. "ಪ್ರೈಮಿ, 39 ವಾರ, ನೀರು ಕಮ್ಮಿ ಇದ್ದಿದ್ದಕ್ಕೆ ಇಂಡಕ್ಷನ್, ಎನ್‌ಪಿಒಎಲ್ ವಿತ್ ಫೀಟಲ್ ಡಿಸ್ಟ್ರೆಸ್, ಎಲ್‌ಎಸ್‌ಸಿಎಸ್." ಕೆಳಗೆ 3 ಸೆಂಟಿಮೀಟರ್ ಅಂತ ಇದೆ. ಮಗ 2.9 ಕೆಜಿ ಇದ್ದ. ಮನೇಲಿ ಎಲ್ರೂ ಹೇಳೋದು "ಅವಳಿಗೆ ಬಾಯಿ ತೆರೀಲಿಲ್ಲ" ಅಂತ, ಅದಕ್ಕೆ ಕ್ಯಾಲ್ಕುಲೇಟರಲ್ಲಿ ಹೆರಿಗೆ ಮುಂದಕ್ಕೆ ಹೋಗದೆ ನಿಂತಿತ್ತಾ ಅನ್ನೋ ಪ್ರಶ್ನೆಗೆ ಹೌದು ಅಂತ ಒತ್ತಿದ್ವಿ.

ಓಬಿಜಿ_ರಾತ್ರಿಪಾಳಿ
ನಾನು ಹುಡುಕ್ತಿದ್ದಿದ್ದು ಇದೇ. ಈಗ ಆ ಪ್ರಶ್ನೆಗೆ ಇಲ್ಲ ಅಂತ ಒತ್ತಿ ನೋಡಿ.

ಬೆಣ್ಣೆದೋಸೆ_ದಾವಣಗೆರೆ
ಅಯ್ಯೋ 69 ಬಂತು!! ಒಂದು ಕ್ಲಿಕ್‌ಗೆ 15 ಪರ್ಸೆಂಟಾ?

ಓಬಿಜಿ_ರಾತ್ರಿಪಾಳಿ
ಹೌದು, ಒಂದೇ ಕ್ಲಿಕ್‌ಗೆ. ಪ್ರೈಮಿ ಅಂದ್ರೆ ಮೊದಲ ಹೆರಿಗೆ, ಎನ್‌ಪಿಒಎಲ್ ಅಂದ್ರೆ ನಾನ್ ಪ್ರೋಗ್ರೆಸ್ ಆಫ್ ಲೇಬರ್, ಹೆರಿಗೆ ಮುಂದಕ್ಕೆ ಹೋಗದೆ ನಿಂತಿದ್ದು. ನಮ್ಮಲ್ಲಿ ಅದನ್ನ ಸಮ್ಮರೀಲಿ ಬರೆಯೋದು ಬಹಳ ಧಾರಾಳ, 2 ಸೆಂಟಿಮೀಟರಲ್ಲಿ ಡಾಕ್ಟ್ರಿಗೆ ತಾಳ್ಮೆ ಮುಗಿದ್ರೂ ಎನ್‌ಪಿಒಎಲ್ಲೇ, ಪೂರ್ತಿ ತೆರೆದು ಗಂಟೆಗಟ್ಲೆ ಮುಕ್ಕಿದ್ರೂ ತಲೆ ಇಳೀದಿದ್ರೂ ಎನ್‌ಪಿಒಎಲ್ಲೇ. ಇವೆರಡೂ ಒಂದೇ ಅಲ್ಲವೇ ಅಲ್ಲ. ಈಗಿನ ಅಮೆರಿಕನ್ ಲೆಕ್ಕದಲ್ಲಿ ನಿಜವಾದ ಆಕ್ಟಿವ್ ಲೇಬರ್ ಶುರುವಾಗೋದೇ 6 ಸೆಂಟಿಮೀಟರ್ ಆದ್ಮೇಲೆ, ಅಲ್ಲಿ ನೀರು ಒಡೆದು ಒಳ್ಳೆ ನೋವು ಬರ್ತಿದ್ರೂ ನಾಲ್ಕು ಗಂಟೆ ಮುಂದಕ್ಕೆ ಹೋಗ್ದಿದ್ರೆ ಅದನ್ನ ನಿಂತಿದೆ ಅಂತಾರೆ. ನೀವು ಹೇಳ್ತಿರೋದು ನೋಡಿದ್ರೆ ಔಷಧಿ ಇಟ್ಟು ಶುರು ಮಾಡಿದ್ದು, 3ಕ್ಕೆ ಬಂದಾಗ ಮಗುವಿನ ಹಾರ್ಟ್‌ಬೀಟ್ ಕೆಟ್ಟಿದ್ದು. ನಿಮ್ಮ ಸೊಂಟದ ಮೂಳೆ ಮಧ್ಯೆ ಮಗು ಹಾಯುತ್ತೋ ಇಲ್ವೋ ಅನ್ನೋ ಪರೀಕ್ಷೆನೇ ಆವಾಗ ಆಗಿಲ್ಲ. ಆದ್ರೂ ಮಧ್ಯರಾತ್ರಿ ಆ ಲೇಬರ್ ರೂಮಲ್ಲಿ ಏನಾಯ್ತು ಅಂತ ಆ ಕಾಗದ ಪೂರ್ತಿ ಹೇಳಲ್ಲ, ಹಾಗಾಗಿ 54ರಿಂದ 69ರ ಮಧ್ಯೆ ಅಂತ ಇಟ್ಕೊಳ್ಳಿ, ನಿಮ್ಮ ಡಾಕ್ಟ್ರಿಗೆ ಆ ಸಾಲು ತೋರಿಸಿ ಕೇಳಿ.

ಎಕ್ಸೆಲ್ ಅವರೇ, ಮಾಡೆಲ್ ಕೆಟ್ಟದ್ದು ಅಂತ ನಾನು ಹೇಳಿಲ್ಲ. ಒಂದು ಸ್ಕೂಲಿಂದು ಎಸ್ಸೆಸ್ಸೆಲ್ಸಿ ರಿಸಲ್ಟ್ 73% ಬಂದ್ರೆ ನಿಮ್ಮ ಮಗ ಪಾಸಾ ಫೇಲಾ ಅಂತ ಅದರಲ್ಲಿ ಬರೆದಿರಲ್ಲ ಅಷ್ಟೇ. 73 ಅನ್ನೋದು ಸುಮ್ನೆ ಹೇಳಿದ್ದಲ್ಲ, ಅಮೆರಿಕದಲ್ಲಿ 19 ದೊಡ್ಡ ಆಸ್ಪತ್ರೆಗಳಲ್ಲಿ 1999ರಿಂದ 2002ರವರೆಗೆ ಸಿಸೇರಿಯನ್ ಆದ್ಮೇಲೆ ನಾರ್ಮಲ್‌ಗೆ ಟ್ರೈ ಮಾಡಿದ 17,898 ಹೆಂಗಸರ ಲೆಕ್ಕ ಇಟ್ಟಿದ್ರು, 2004ರಲ್ಲಿ ಪ್ರಕಟ ಆಯ್ತು, ಅದರಲ್ಲಿ 73.4% ಜನಕ್ಕೆ ನಾರ್ಮಲ್ ಆಗಿತ್ತು. ಅದೇ ಡೇಟಾ ಮೇಲೆ 2007ರಲ್ಲಿ ಗ್ರೋಬ್‌ಮನ್ ಅನ್ನೋ ಡಾಕ್ಟ್ರು ಮತ್ತು ಜೊತೆಯವ್ರು ಕ್ಯಾಲ್ಕುಲೇಟರ್ ಕಟ್ಟಿದ್ರು. ದಾವಣಗೆರೆಯೂ ಅದರಲ್ಲಿಲ್ಲ, ಬೆಂಗಳೂರೂ ಇಲ್ಲ.

ಎಡಿಸನ್_ಕನ್ನಡತಿ
ನ್ಯೂಜೆರ್ಸಿಯಿಂದ. ನನ್ನ ಎರಡನೇ ಬಾಣಂತನ ಇಲ್ಲೇ ಆಗಿದ್ದು, 2021ಕ್ಕೆ ಮುಂಚೆ, ಆಗ ಹಳೇ ಕ್ಯಾಲ್ಕುಲೇಟರ್ ಇತ್ತು. ಅದರಲ್ಲಿ ನೀವು ಆಫ್ರಿಕನ್ ಅಮೆರಿಕನ್ನಾ, ಹಿಸ್ಪಾನಿಕ್ಕಾ ಅಂತ ಎರಡು ಪ್ರಶ್ನೆ ಇರ್ತಿತ್ತು, ಹೌದು ಅಂದ್ರೆ ಪರ್ಸೆಂಟ್ ಇಳೀತಿತ್ತು. ನರ್ಸ್ ನನ್ನ ಮುಖ ನೋಡಿ ಎರಡಕ್ಕೂ ನೋ ಒತ್ತಿದ್ಲು, ಅಲ್ಲಿಗೆ ಕ್ಯಾಲ್ಕುಲೇಟರ್ ಪ್ರಕಾರ ನಾನು ಬಿಳಿಯರ ಲೆಕ್ಕಕ್ಕೆ ಸೇರ್ದೆ. ಅದೇ ವಾರ್ಡಲ್ಲಿ ನನ್ನಷ್ಟೇ ವಯಸ್ಸು, ತೂಕ ಇರೋ ಕಪ್ಪು ಹೆಂಗಸಿಗೆ ಚರ್ಮದ ಬಣ್ಣಕ್ಕೇ ಕಮ್ಮಿ ಮಾರ್ಕ್ಸ್! ಆಮೇಲೆ ಡಾಕ್ಟ್ರುಗಳೇ ಇದನ್ನ ಪ್ರಶ್ನೆ ಮಾಡಿ ಬರೆದ್ರು, 2021ರಲ್ಲಿ ಜನಾಂಗ ತೆಗೆದು ಹೊಸ ಕ್ಯಾಲ್ಕುಲೇಟರ್ ಬಂತು, ಅದರ ಬದಲು ಬಿಪಿಗೆ ಮೊದಲಿಂದ ಮಾತ್ರೆ ತಗೊಳ್ತಿದ್ದೀರಾ ಅಂತ ಕೇಳ್ತಾರೆ. ಬೆಣ್ಣೆದೋಸೆ, ನೀವು ಹಾಕಿದ್ದು ಯಾವುದು ನೋಡ್ಕೊಳಿ, ಹಳೇದು ಇನ್ನೂ ಕೆಲವು ಸೈಟಲ್ಲಿ ಓಡಾಡ್ತಿದೆ.

ಬೆಣ್ಣೆದೋಸೆ_ದಾವಣಗೆರೆ
ಬಿಪಿ ಕೇಳಿತ್ತು, ಹೊಸದೇ ಅನ್ಸುತ್ತೆ. ತೂಕ ಈಗಿಂದೋ ಮುಂಚಿಂದೋ?

ಎಡಿಸನ್_ಕನ್ನಡತಿ
ಬಸುರಿ ಆಗೋಕೆ ಮುಂಚಿಂದು.

ಲೀಡ್ಸ್_ಮಳೆ
ಇಂಗ್ಲೆಂಡಲ್ಲಿ ನಂಗ್ಯಾರೂ ಕ್ಯಾಲ್ಕುಲೇಟರ್ ತೋರಿಸ್ಲಿಲ್ಲ. ಮಿಡ್‌ವೈಫ್ ಜೊತೆ ಒಂದು ಅಪಾಯಿಂಟ್‌ಮೆಂಟ್, ಒಂದು ಲೀಫ್‌ಲೆಟ್. ನಾಲ್ಕರಲ್ಲಿ ಮೂರು ಜನಕ್ಕೆ ಆಗುತ್ತೆ, ಹಿಂದೆ ಒಂದಾದ್ರೂ ನಾರ್ಮಲ್ ಆಗಿದ್ರೆ ಹತ್ತರಲ್ಲಿ ಹತ್ತಿರ ಹತ್ತಿರ ಒಂಬತ್ತು ಜನಕ್ಕೆ ಆಗುತ್ತೆ, ಹಳೇ ಹೊಲಿಗೆ ಬಿಟ್ಕೊಳ್ಳೋದು 200ರಲ್ಲಿ ಒಬ್ಬರಿಗೆ. ಇಷ್ಟು ಹೇಳಿ ಮನೆಗೆ ಹೋಗಿ ಯೋಚ್ನೆ ಮಾಡಿ ಅಂದ್ರು. ನಂಗಂತೂ ಅದೇ ಸಾಕಾಯ್ತು.

ಅಜ್ಜಿಮನೆ_ಹಾಸನ
200ರಲ್ಲಿ ಒಬ್ಬರಿಗೆ ಗರ್ಭಕೋಶ ಒಡೆಯೋದು ನಿಮಗೆಲ್ಲ ಸಣ್ಣ ವಿಷ್ಯನಾ? ಆ ಒಬ್ಬಳು ನಮ್ಮ ಮಗಳೇ ಆದ್ರೆ? ನಮ್ಮ ಊರಿನ ಡಾಕ್ಟ್ರು ಹೇಳೋದು ಒಂದೇ ಮಾತು, ಒಂದ್ಸಲ ಕೊಯ್ದ್ರೆ ಮುಂದೆಲ್ಲಾ ಕೊಯ್ಲೇಬೇಕು ಅಂತ. ಜೊತೆಗೆ ಹೆಂಗೂ ಎರಡೇ ಸಾಕು ಅಂತಾರೆ ಈಗಿನೋರು, ಸಿಸೇರಿಯನ್ ಆದ್ರೆ ಅದರಲ್ಲೇ ಮಕ್ಳಾಗದಂಗೆ ಆಪರೇಷನ್ನೂ ಮುಗೀತದೆ. ಎರಡೆರಡು ಸಲ ಯಾಕೆ ಕಷ್ಟ?

ಓಬಿಜಿ_ರಾತ್ರಿಪಾಳಿ
ಅಮ್ಮಾ, ನಿಮ್ಮ ಭಯ ಸುಳ್ಳಲ್ಲ. ಒಡೆದ್ರೆ ನಿಮಿಷಗಳ ಲೆಕ್ಕ. ಆದ್ರೆ ಆ ಮಾತು ಹಳೇದು, 1916ರಲ್ಲಿ ನ್ಯೂಯಾರ್ಕಿನ ಕ್ರೇಗಿನ್ ಅನ್ನೋ ಡಾಕ್ಟ್ರು ಹೇಳಿದ್ದು. ಆ ಕಾಲದಲ್ಲಿ ಗರ್ಭಕೋಶದ ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ತಿದ್ರು, ಆ ಗಾಯ ನೋವಲ್ಲಿ ಒಡೆಯೋ ಭಯ ಜಾಸ್ತಿ. ಈಗ ಮಾಡೋದು ಕೆಳಭಾಗದಲ್ಲಿ ಅಡ್ಡಕ್ಕೆ. ಸಮ್ಮರೀಲಿ ಎಲ್‌ಎಸ್‌ಸಿಎಸ್ ಅಂತಿದ್ಯಲ್ಲ, ಅದೇ. ಹೊಟ್ಟೆ ಮೇಲಿನ ಗೆರೆ ಅಡ್ಡ ಇದೆ ಅಂತ ಒಳಗಿಂದೂ ಅಡ್ಡ ಅಂದ್ಕೊಳ್ಳೋ ಹಾಗಿಲ್ಲ, ಕಾಗದ ಬೇಕೇಬೇಕು. ಉದ್ದ ಗಾಯ ಅಥವಾ ಟಿ ಆಕಾರದ ಗಾಯ ಇದ್ರೆ ಟ್ರೈ ಮಾತೇ ಇಲ್ಲ.

ಅದೇ 17,898 ಜನರಲ್ಲಿ ಒಡೆದದ್ದು 0.7%. ನೋವು ತಾನಾಗೇ ಬಂದೋರಲ್ಲಿ 0.4, ಡ್ರಿಪ್ ಹಾಕಿ ನೋವು ಜಾಸ್ತಿ ಮಾಡಿದೋರಲ್ಲಿ 0.9, ಇಂಡಕ್ಷನ್, ಅಂದ್ರೆ ಔಷಧಿ ಕೊಟ್ಟು ನೋವು ಶುರು ಮಾಡಿದೋರಲ್ಲಿ 1. ಅಂದ್ರೆ ಈ ಅಪಾಯ ನಿಮ್ಮ ದೇಹಕ್ಕೆ ಮಾತ್ರ ಸಂಬಂಧಪಟ್ಟಿದ್ದಲ್ಲ, ನಿಮಗೆ ಏನು ಕೊಡ್ತಾರೆ ಅನ್ನೋದಕ್ಕೂ ಸೇರಿದ್ದು. ನೋವು ಬರ್ಸೋಕೆ ಮಿಸೊಪ್ರೊಸ್ಟಾಲ್ ಮಾತ್ರೆ ಹಳೇ ಸಿಸೇರಿಯನ್ ಆದೋರಿಗೆ ಕೊಡ್ಲೇಬಾರದು. ಇನ್ನು ಎರಡು ಹೆರಿಗೆ ನಡುವಿನ ಅಂತರ ಒಂದೂವರೆ ವರ್ಷಕ್ಕಿಂತ ಕಮ್ಮಿ ಇದ್ರೂ ಹೊಲಿಗೆಗೆ ಅಪಾಯ ಜಾಸ್ತಿ, ಬೆಣ್ಣೆದೋಸೆ ಅವ್ರಿಗೆ ಮೂರು ವರ್ಷ ಆಗ್ತಿದೆ, ಆ ಚಿಂತೆ ಇಲ್ಲ.

ಇನ್ನೊಂದು ಕಡೆಯಿಂದಾನೂ ನೋಡಿ. ಸಿಸೇರಿಯನ್ ಮೇಲೆ ಸಿಸೇರಿಯನ್ ಆದಂಗೆ ಮಾಸು ಹಳೇ ಗಾಯಕ್ಕೆ ಬೇರು ಬಿಟ್ಟು ಅಂಟ್ಕೊಳ್ಳೋ ಕೇಸ್ ಜಾಸ್ತಿ ಆಗುತ್ತೆ. ಮಾಸು ಕೆಳಗೆ ಬಂದು ಕೂತಿರೋ ಹೆಂಗಸರಲ್ಲಿ ಮೊದಲನೇ ಸಿಸೇರಿಯನ್ನಲ್ಲಿ ಅದು 3%, ಎರಡನೇದ್ರಲ್ಲಿ 11%, ಮೂರನೇದ್ರಲ್ಲಿ 40%. ಎರಡೇ ಸಾಕು ಅನ್ನೋರಿಗೆ ಇದು ಅಷ್ಟು ದೊಡ್ಡ ವಿಷಯ ಅಲ್ಲ, ಮೂರನೇದು ಬೇಕು ಅನ್ನೋರಿಗೆ ದೊಡ್ಡದು. ಮಕ್ಕಳಾಗದ ಆಪರೇಷನ್ ನಾರ್ಮಲ್ ಆದ್ಮೇಲೂ ಅದೇ ವಾರದಲ್ಲಿ ಹೊಕ್ಕುಳ ಹತ್ರ ಸಣ್ಣ ಗಾಯದಲ್ಲಿ ಮಾಡ್ತೀವಿ, ಅದಕ್ಕೋಸ್ಕರ ಸಿಸೇರಿಯನ್ ಬೇಕಾಗಿಲ್ಲ. ಗಂಡಸರಿಗೂ ಇದೆ, ಇನ್ನೂ ಸುಲಭ.

ಧಾರವಾಡ_ಪೇಡೆ
ಎಕ್ಸೆಲ್ ಗಂಡ ಅವರು ಈಗ ಆ ಕ್ಯಾಲ್ಕುಲೇಟರ್ ಹುಡುಕಬೇಕ್ರಿ 😂

ಎಕ್ಸೆಲ್_ಗಂಡ
ನಂಗೆ ಇನ್ನೂ ಮದ್ವೆನೇ ಆಗಿಲ್ಲ ಸ್ವಾಮಿ, ಅದು ಬರೀ ಐಡಿ. ಅಕ್ಕನಿಗೋಸ್ಕರ ಓದ್ತಿದ್ದೀನಿ. ಸೀರಿಯಸ್ ಪ್ರಶ್ನೆ: ಆಸ್ಪತ್ರೆಗೆ ಅಡ್ಮಿಟ್ ಆದಾಗಿನ ಸ್ಥಿತಿ ನೋಡಿ ಹೇಳೋ ಲೆಕ್ಕ ಯಾವ್ದಾದ್ರೂ ಇದ್ಯಾ? 33 ವಾರದಲ್ಲಿ ಹೇಳೋದಕ್ಕಿಂತ ಅದು ಸರಿ ಇರ್ಬೇಕಲ್ಲ.

ಸಿಸ್ಟರ್_ಲೇಬರ್‌ವಾರ್ಡ್
ಇದೆ. ಫ್ಲಾಮ್ ಸ್ಕೋರ್ ಅಂತ, 1997ರಿಂದ ಇದೆ, ನಮ್ಮ ಪಿಜಿಗಳು ಪರೀಕ್ಷೆಗೆ ಬಾಯಿಪಾಠ ಮಾಡ್ತಾರೆ. ಹತ್ತಕ್ಕೆ ಇಷ್ಟು ಅಂತ ಮಾರ್ಕ್ಸ್. ವಯಸ್ಸು 40ರ ಒಳಗಿದ್ರೆ 2, ಹಿಂದೆ ನಾರ್ಮಲ್ ಆಗಿದ್ರೆ ಯಾವಾಗ ಅನ್ನೋದರ ಮೇಲೆ 1ರಿಂದ 4, ಮೊದಲ ಸಿಸೇರಿಯನ್ನಿಗೆ ಹೆರಿಗೆ ನಿಂತಿದ್ದು ಕಾರಣ ಅಲ್ದಿದ್ರೆ 1, ಬಂದಾಗ ಗರ್ಭಕೋಶದ ಬಾಯಿ ಮುಕ್ಕಾಲಿಗಿಂತ ಜಾಸ್ತಿ ತೆಳುವಾಗಿದ್ರೆ 2, ಕಾಲಿಂದ ಮುಕ್ಕಾಲರವರೆಗಾದ್ರೆ 1, 4 ಸೆಂಟಿಮೀಟರ್ ತೆರೆದಿದ್ರೆ 1. 2ರ ಒಳಗೆ ಬಂದೋರಲ್ಲೂ 49% ಜನಕ್ಕೆ ಆಗಿತ್ತು, 8 ಅಥವಾ ಅದಕ್ಕಿಂತ ಜಾಸ್ತಿ ಬಂದೋರಲ್ಲಿ 95%.

ಆದ್ರೆ ನಾವು ಸ್ಕೋರ್ ಬರೆದು ಸುಮ್ನೆ ಕೂರಲ್ಲ. ಹಳೇ ಸಿಸೇರಿಯನ್ ಅಂತ ಕೇಸ್‌ಶೀಟ್ ಮೇಲೆ ಕೆಂಪು ಇಂಕಲ್ಲಿ ಬರೀತೀವಿ, ಬೆಡ್ ನರ್ಸಿಂಗ್ ಸ್ಟೇಷನ್ ಎದುರಿಗೇ, ಮಗುವಿನ ಹಾರ್ಟ್‌ಬೀಟ್ ಗ್ರಾಫ್ ತೋರಿಸೋ ಸಿಟಿಜಿ ಬೆಲ್ಟ್ ಹೊಟ್ಟೆಯಿಂದ ಬಿಚ್ಚಲ್ಲ. ಒಂದು ನೋವು ಹೋಗಿ ಇನ್ನೊಂದು ಬರೋ ಮಧ್ಯೆ ಹೊಟ್ಟೆ ಮೆತ್ತಗಾಗ್ಬೇಕು, ನೋವು ಪೂರ್ತಿ ಬಿಡ್ಬೇಕು. ಆ ಗ್ಯಾಪಲ್ಲೂ ಹೊಲಿಗೆ ಹತ್ರ ಬಿಡದೆ ನೋಯ್ತಿದೆ ಅಂದ್ರೆ, ಜೋರಾಗಿ ಬರ್ತಿದ್ದ ನೋವು ಇದ್ದಕ್ಕಿದ್ದಂಗೆ ನಿಂತ್ರೆ, ರಕ್ತ ಕಂಡ್ರೆ, ತಾಯಿ ನಾಡಿ ಏರಿದ್ರೆ ತಕ್ಷಣ ಕೂಗ್ತೀವಿ. ಎಷ್ಟೋ ಸಲ ಇದ್ಯಾವುದೂ ಇರಲ್ಲ, ಮಗುವಿನ ಗ್ರಾಫ್ ಕೆಡೋದೇ ಮೊದಲು. ಅದಕ್ಕೇ ಹೇಳೋದು, ಬೆಲ್ಟ್ ಕಟ್ಕೊಂಡು ಮಲಗೋಕೆ ಬೇಜಾರು ಅಂತ ಬಿಚ್ಚಾಕ್ಬೇಡಿ ಅಂತ. ಎದ್ದು ಕೂತ್ಕೋಬಹುದು, ಪಕ್ಕಕ್ಕೆ ತಿರುಗಬಹುದು.

ಬೆಣ್ಣೆದೋಸೆ ಮೇಡಂ, ನಿಮ್ಮ ಆಸ್ಪತ್ರೇಲಿ ಇದನ್ನ ಕೇಳಿ: ರಾತ್ರಿ ಎರಡು ಗಂಟೆಗೆ ಅನಸ್ತೀಸಿಯಾ ಡಾಕ್ಟ್ರು ಒಳಗಿರ್ತಾರಾ, ಇಲ್ಲಾ ಫೋನ್ ಮಾಡಿ ಮನೆಯಿಂದ ಕರೆಸ್ತಾರಾ? ರಕ್ತ ಅಲ್ಲೇ ಸಿಗುತ್ತಾ, ಇಲ್ಲಾ ನಿಮ್ಮೆಜಮಾನ್ರು ಬೈಕಲ್ಲಿ ತರ್ಬೇಕಾ? ಕರೆಸೋದು, ತರೋದು ಅಂದ್ರೆ ಅವರು 38 ವಾರಕ್ಕೆ ಡೇಟ್ ಕೊಡ್ತಿರೋದು ಅದಕ್ಕೇ ಇರಬಹುದು, ನಿಮ್ಮ ಪರ್ಸೆಂಟೇಜ್ 90 ಇದ್ರೂ ಅಲ್ಲಿ ಟ್ರೈ ಮಾಡೋದು ಬೇಡ.

ಕುಡ್ಲ_ಗೋಳಿಬಜೆ
ಇದು ಸರಿ. ನನಗೆ ಆ ರಾತ್ರಿ ಓಟಿ ರೆಡಿ ಉಂಟು ಹೇಳಿಯೇ ಮಗು ಉಳಿದದ್ದು. ಅದು ಮೆಡಿಕಲ್ ಕಾಲೇಜು, ಎಲ್ಲರೂ ಒಳಗೇ ಇದ್ದರು. ಸಣ್ಣ ನರ್ಸಿಂಗ್ ಹೋಮ್ ಆಗಿದ್ರೆ ಯೋಚನೆ ಮಾಡ್ಲಿಕ್ಕೂ ಭಯ ಆಗ್ತದೆ.

ಎಕ್ಸೆಲ್_ಗಂಡ
ಒಪ್ದೆ. ಕ್ಯಾಲ್ಕುಲೇಟರಲ್ಲಿ ಆಸ್ಪತ್ರೆ ಅನ್ನೋ ಕಾಲಮ್ಮೇ ಇಲ್ಲ. ಆದ್ರೆ ಆಸ್ಪತ್ರೆಗಳಿಗೆ ಇದನ್ನ ನೆಪ ಮಾಡ್ಕೊಳ್ಳೋದೂ ಸುಲಭ ಅಲ್ವಾ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸರ್ವೇ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ದೇಶದಲ್ಲಿ ಖಾಸಗಿ ಆಸ್ಪತ್ರೆ ಹೆರಿಗೆಗಳಲ್ಲಿ 47.4% ಸಿಸೇರಿಯನ್, ಸರ್ಕಾರಿದ್ರಲ್ಲಿ 14.3%. ಕರ್ನಾಟಕದಲ್ಲಿ ಎಲ್ಲಾ ಸೇರಿ 31.5%. ಇಷ್ಟು ಜನಕ್ಕೆ ಮೊದಲನೇದು ಕೊಯ್ದ್ರೆ ಎರಡನೇದಕ್ಕೆ ಎಲ್ರೂ ಇದೇ ಪ್ರಶ್ನೆ ಹಿಡ್ಕೊಂಡು ಬರ್ಲೇಬೇಕು.

ಓಬಿಜಿ_ರಾತ್ರಿಪಾಳಿ
ನಿಜ, ಅದರಲ್ಲಿ ವಾದ ಮಾಡಲ್ಲ. ಆದ್ರೆ ಸರ್ಕಾರಿ ಆಸ್ಪತ್ರೆ ಅಂದ ತಕ್ಷಣ ಟ್ರೈ ಮಾಡಿಸ್ತಾರೆ ಅಂತಾನೂ ಅಲ್ಲ, ತಾಲೂಕು ಆಸ್ಪತ್ರೆಯಿಂದ ಹಳೇ ಸಿಸೇರಿಯನ್ ಅಂದ್ರೆ ನೋವು ಬಂದ ಮೇಲೆ ಜಿಲ್ಲಾಸ್ಪತ್ರೆಗೆ ಕಳಿಸ್ತಾರೆ, ಆಂಬ್ಯುಲೆನ್ಸಲ್ಲಿ ಬೆಲ್ಟ್ ಇರಲ್ಲ. ಟ್ರೈ ಮಾಡೋದಾದ್ರೆ 36 ವಾರದೊಳಗೆ ದೊಡ್ಡ ಆಸ್ಪತ್ರೇಲಿ ತಾಯಿ ಕಾರ್ಡ್ ತೋರಿಸಿ ಹೆಸರು ಬರೆಸಿ, ನೋವು ಶುರುವಾದಾಗ ನೇರ ಅಲ್ಲಿಗೇ ಹೋಗಿ. ಪ್ಲಾನ್ಡ್ ಸಿಸೇರಿಯನ್ ಅಂತಲೇ ಆದ್ರೂ ಬೇರೆ ತೊಂದರೆ ಇಲ್ದಿದ್ರೆ 39 ವಾರ ತುಂಬ್ಲಿ, 38ಕ್ಕೆ ತೆಗೆದ್ರೆ ಮಗುವಿಗೆ ಉಸಿರಾಟದ ತೊಂದರೆ ಸ್ವಲ್ಪ ಜಾಸ್ತಿ. ನಕ್ಷತ್ರನೂ ಆ ವಾರದಲ್ಲೇ ಹುಡುಕೋಕೆ ಹೇಳಿ ಅತ್ತೆಗೆ.

ಅಜ್ಜಿಮನೆ_ಹಾಸನ
ನಕ್ಷತ್ರ ಯಾವ ವಾರದಲ್ಲಾದ್ರೂ ಸಿಗ್ತದೆ ಬಿಡಪ್ಪ. ನೀನು ಹೇಳಿದ್ದು ಮಗಳಿಗೆ ಓದಿ ಹೇಳ್ತೀನಿ.

ಮೈಸೂರು_ಪಾಕ್
ಲೇಟಾಗಿ ಬಂದೆ. ಸ್ಕ್ಯಾನಿಂಗಲ್ಲಿ ಹೊಲಿಗೆ ಎಷ್ಟು ದಪ್ಪ ಇದೆ ಅಂತ ನೋಡ್ತಾರಂತಲ್ಲ, ನಂದು 2 ಎಂಎಂ ಅಂತ ಬಂದಿದೆ, ಅದಕ್ಕೇ ಬೇಡ ಅಂದ್ರು. ಅದು ಸರೀನಾ?

ಓಬಿಜಿ_ರಾತ್ರಿಪಾಳಿ
ತೆಳ್ಳಗಿದ್ದಷ್ಟೂ ಅಪಾಯ ಜಾಸ್ತಿ ಅನ್ನೋದು ನಿಜ. ಆದ್ರೆ ಇಷ್ಟಕ್ಕಿಂತ ಕಮ್ಮಿ ಇದ್ರೆ ಬೇಡ, ಮೇಲಿದ್ರೆ ಸರಿ ಅನ್ನೋ ಎಲ್ರೂ ಒಪ್ಪಿರೋ ಗೆರೆ ಇಲ್ಲ, ಅಳೆಯೋರ ಕೈ ಮೇಲೂ, ಮೂತ್ರಚೀಲ ಎಷ್ಟು ತುಂಬಿದೆ ಅನ್ನೋದರ ಮೇಲೂ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿ ಆಗುತ್ತೆ. ಅದೊಂದೇ ನಂಬರ್ ಕಾರಣನಾ, ಬೇರೆನೂ ಇದ್ಯಾ ಅಂತ ಕೇಳಿ.

ಬೆಣ್ಣೆದೋಸೆ_ದಾವಣಗೆರೆ
ಇವತ್ತು ಹೋಗಿದ್ವಿ. ಸಿಸ್ಟರ್ ಹೇಳ್ದಂಗೆ ಕೇಳ್ದೆ. ಡಾಕ್ಟ್ರು ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ನೇರವಾಗಿ ಹೇಳಿದ್ರು, "ನಮ್ಮಲ್ಲಿ ರಾತ್ರಿ ಅನಸ್ತೀಸಿಯಾದವ್ರು ಕರೆದ್ಮೇಲೆ ಬರ್ಬೇಕು, ಅದಕ್ಕೇ ನಾನು ಹಳೇ ಸಿಸೇರಿಯನ್ ಕೇಸ್‌ಗಳನ್ನ ನೋವಿಗೆ ಬಿಡಲ್ಲ" ಅಂತ. ಇದನ್ನ ಮೊದಲೇ ಹೇಳಿದ್ರೆ ನಾನ್ಯಾಕೆ ಕ್ಯಾಲ್ಕುಲೇಟರ್ ಒತ್ತುತಾ ಕೂರ್ತಿದ್ದೆ! ಬೈಯ್ಯೋಕೂ ಮನಸು ಬರ್ಲಿಲ್ಲ, ಅವರೇ ಮೆಡಿಕಲ್ ಕಾಲೇಜಿಗೆ ಲೆಟರ್ ಬರ್ಕೊಟ್ರು, ಹಳೇ ಸಮ್ಮರಿ ಜೆರಾಕ್ಸ್ ಪಿನ್ ಮಾಡಿ. ನೋವು ತಾನಾಗೇ ಬಂದ್ರೆ ಟ್ರೈ, ಡೇಟ್ ದಾಟಿದ್ರೆ ಅವತ್ತು ನೋಡೋಣ ಅಂತ ನಮ್ಮ ಮನೇಲಿ ಸದ್ಯಕ್ಕೆ ಒಪ್ಕೊಂಡಿದ್ದಾರೆ. ಡಾಕ್ಟ್ರೇ, ಒಂದು ಕೇಳೋದು ಬಿಟ್ಟಿದ್ದೆ: ಶುಗರ್ ಬಾರ್ಡರಲ್ಲಿದೆ, ಮಗು ದಪ್ಪ ಆದ್ರೆ ಈ ಲೆಕ್ಕ ಎಲ್ಲಾ ಬದಲಾಗುತ್ತಾ?

ಓಬಿಜಿ_ರಾತ್ರಿಪಾಳಿ
ಬದಲಾಗುತ್ತೆ, 4 ಕೆಜಿ ದಾಟಿದ್ರೆ ಆಗೋ ಸಾಧ್ಯತೆ ಇಳಿಯುತ್ತೆ. ಆದ್ರೆ ಸ್ಕ್ಯಾನಿಂಗ್ ಹೇಳೋ ತೂಕ ಕಾಲು ಕೆಜಿ, ಅರ್ಧ ಕೆಜಿ ಆಚೀಚೆ ಇರುತ್ತೆ, ಅದೊಂದನ್ನೇ ನೋಡಿ ಹೆದರ್ಬೇಡಿ. ಶುಗರ್ ಮತ್ತೆ ಚೆಕ್ ಮಾಡಿಸಿ, ಊಟ ಆದ್ಮೇಲೆ ನಡೀರಿ, 36ಕ್ಕೆ ಹೋದಾಗ ಆ ಲೆಟರ್ ಜೊತೆ ಶುಗರ್ ರಿಪೋರ್ಟ್‌ಗಳನ್ನೂ ತಗೊಂಡು ಹೋಗಿ.